ಸೊಸಿಯೇಗೊ: ಒಂದು ಶಬ್ದದ ವಿಚಾರ

ಸ್ಪೇನ್ ದೇಶದವರು ಮನಸ್ಸಿನ ಒಳಗಣ ನೆಮ್ಮದಿಯನ್ನು ಸೂಚಿಸುವುದಕ್ಕೆ ‘ಸೊಸಿಯೇಗೊ’ ಎಂಬ ಶಬ್ದವನ್ನು ಉಪಯೋಗಿಸುವರು. ನಮ್ಮ ವಾಚಕರಲ್ಲಿ ಬಹುಮಂದಿಗೆ ಇದು ಅಪರಿಚಿತವಾದ ಶಬ್ದವು. ಆದರೂ ಅದರ ವಂಶವನ್ನು ಶೋಧಿಸಿದರೆ ನಮ್ಮ ನುಡಿಯಲ್ಲಿಯೇ ಅದರ ಬಂಧುಗಳು ಕಾಣಸಿಗುವುವು. ಅದರ ಚರಿತ್ರೆಯನ್ನು ಓದಿದರೆ ನಮ್ಮ ಮನೆಗಳಿಗೆ ಸಲ್ಲತಕ್ಕ ಒಂದು ಪಾಠವೂ ದೊರೆಯುವುದು.

ಶಾಲೆಯನ್ನು ಬಿಟ್ಟು ಸಂಸಾರಕ್ಕೋ ಉದ್ಯೋಗಕ್ಕೋ ಸೇರಿದ ನಮ್ಮ ಸಹೋದರಿಯರು ಒಬ್ಬರನ್ನೊಬ್ಬರು ಕಂಡಾಗ ಆಡುವ ಮಾತೊಂದುಂಟು: “ನಮಗೆಲ್ಲಿಯ ನೆಮ್ಮದಿ? ಪುರುಸೊತ್ತಿದ್ದವರಿಗೆ ಅದು.” ಈ ಮಾತಿನಲ್ಲಿ ನೆಮ್ಮದಿಯೂ ಬಿಡುವೂ ಒಂದೇ ಎಂಬ ಭಾವನೆ ಅಡಗಿರುವುದು. ಬಿಡುವಿಲ್ಲದವರಿಗೆ, ಇಕ್ಕಟ್ಟಿನಲ್ಲಿ ಸಿಕ್ಕಿದವರಿಗೆ, ಅನ್ಯಾಯಕ್ಕೆ ಗುರಿಯಾದವರಿಗೆ ನೆಮ್ಮದಿ ಇರಲಾರದೆಂಬುದು ನಿಜವೇ? ಸೊಸಿಯೇಗೊ ಎಂಬ ಶಬ್ದದ ಹುಟ್ಟನ್ನೂ, ಅದು ಪರದೇಶಗಳಲ್ಲಿ ತಾಳಿದ ರೂಪಗಳನ್ನೂ, ಅದನ್ನು ಬಾಳಿ ತೋರಿಸಿದವರ ಚರಿತ್ರೆಯನ್ನೂ ಕ್ರಮವಾಗಿ ನೋಡಿ ಈ ಪ್ರಶ್ನೆಗೆ ಉತ್ತರವನ್ನು ಹುಡುಕೋಣ.

೧. ಶಬ್ದದ ಹುಟ್ಟು

ಸ್ಪೇನಿನ ಭಾಷೆಯು ಲ್ಯಾಟಿನ್ ಭಾಷೆಯ ಮಗಳು. ಲ್ಯಾಟಿನಿನಲ್ಲಿ ‘ಸೆದೇರೆ’ ಎಂದರೆ ಕುಳಿತುಕೊಳ್ಳುವುದು. ಈ ಧಾತುವಿನಿಂದ ಜನರ ಆಡುಮಾತಿನಲ್ಲಿ ‘ಕೂರಿಸು, ನೆಲೆಗೊಳಿಸು’ ಎಂಬರ್ಥದ ಕ್ರಿಯಾಪದವೊಂದು ಹುಟ್ಟಿತು. ಅದೇ ಹಳೆಯ ಸ್ಪ್ಯಾನಿಷಿನಲ್ಲಿ ರೂಪಾಂತರ ಹೊಂದಿ ‘ಸೊಸೆಗಾರ್’ ಎಂದಾಯಿತು. ಅದರಿಂದಾದ ನಾಮಪದವು ಸೊಸಿಯೇಗೊ. ಆದಕಾರಣ ಈ ಶಬ್ದದ ಮೂಲಾರ್ಥವು ‘ಚೆನ್ನಾಗಿ ಕುಳಿತಿರುವಿಕೆ’ ಎಂಬುದೇ. ಸ್ಪೇನಿನವರ ಮಧ್ಯಾಹ್ನದ ನಿದ್ರೆಗೆ ‘ಸಿಯೆಸ್ತಾ’ ಎಂದು ಹೆಸರುಂಟು. ಕಿವಿಗೆ ಎರಡೂ ಹತ್ತಿರವಾಗಿ ಕೇಳಿಸಿದರೂ ಸಿಯೆಸ್ತಾ ಎಂಬುದು ಬೇರೆ ಮೂಲದ ಶಬ್ದ. ಅದು ದಿವಸದ ‘ಆರನೆಯ ಗಳಿಗೆ’ಯನ್ನು ಸೂಚಿಸುವ ಲ್ಯಾಟಿನ್ ಪದದಿಂದ ಬಂದುದು. ನಮ್ಮ ಶಬ್ದಕ್ಕೂ ಹಗಲು ನಿದ್ರೆಗೂ ಯಾವ ಸಂಬಂಧವೂ ಇಲ್ಲ.

ಲ್ಯಾಟಿನಿನ ಸೆದೇರೆಗೂ ಸಂಸ್ಕೃತದ ‘ಸದ್’ ಧಾತುವಿಗೂ ಮೂಲವು ಒಂದೇ ಎಂದು ಭಾಷಾಶಾಸ್ತ್ರಜ್ಞರು ನಿರ್ಧರಿಸಿರುವರು. ಸದ್ ಎಂದರೂ ಕುಳಿತುಕೊಳ್ಳುವುದೇ. ಸದನ, ಪರಿಷತ್ತು, ಉಪನಿಷತ್ತು ಮುಂತಾದ ಶಬ್ದಗಳು ಇದರಿಂದ ಹುಟ್ಟಿದುವು. ನಮ್ಮ ವಿಚಾರಕ್ಕೆ ಬೇಕಾದುವು ಇನ್ನೆರಡು: ಪ್ರಸಾದ ಮತ್ತು ವಿಷಾದ. ಪ್ರಸಾದವೆಂದರೆ ಮೊದಲರ್ಥದಲ್ಲಿ ತಿಳಿಯಾಗುವಿಕೆ. ಮಳೆಗಾಲದಲ್ಲಿ ಕೆರೆಯಿಂದ ತಂದ ಕೆಂಪು ನೀರನ್ನು ಬಿಂದಿಗೆಯಲ್ಲಿ ಅಲುಗಿಸದೆ ಇಟ್ಟರೆ ಮಣ್ಣು ತಳದಲ್ಲಿ ಕೂತು ಮೇಲಿನ ನೀರು ತಿಳಿಯಾಗುವುದಷ್ಟೆ. ಮನಸ್ಸೂ ಹಾಗೆ ತಿಳಿಯಾದಾಗ ಅದನ್ನು ಮನಃಪ್ರಸಾದವೆಂದು ನಮ್ಮ ಹಿರಿಯರು ಕರೆದರು. ವಿಷಾದವಾದರೋ ಕುಸಿದು ಕೂರುವುದು. ಒಂದೇ ಧಾತುವಿನಿಂದ ತಿಳಿಯಾದ ಮನಸ್ಸೂ ಕುಸಿದ ಮನಸ್ಸೂ ಹುಟ್ಟಿದುದನ್ನು ಗಮನಿಸಬೇಕು. ಹೊರಗಿನಿಂದ ನೋಡುವವರಿಗೆ ಎರಡೂ ಸುಮ್ಮನೆ ಕುಳಿತಂತೆಯೇ ತೋರುವುವು. ಒಳಗಣ ಸ್ಥಿತಿಯಾದರೋ ಬೇರೆ ಬೇರೆ. ಈ ಭೇದವು ಮುಂದೆಯೂ ನಮಗೆ ಉಪಯೋಗವಾಗುವುದು.

ಸ್ಪ್ಯಾನಿಷಿನಲ್ಲಿ ಶಾಂತತೆಯನ್ನು ಹೇಳುವ ಬೇರೆ ಶಬ್ದಗಳೂ ಉಂಟು. ‘ಕಾಲ್ಮಾ’ ಎಂಬುದು ಬಿಸಿಲಿನ ಬೇಗೆಯನ್ನು ಹೇಳುವ ಗ್ರೀಕ್ ಪದದಿಂದ ಬಂದಿದೆ. ಬೇಗೆಯಲ್ಲಿ ಗಾಳಿಯು ನಿಂತುಹೋದಾಗಿನ ನಿಶ್ಚಲತೆಯು ಅದರ ಅರ್ಥ. ‘ಸೆರೆನಿದಾದ್’ ಎಂಬುದು ಮೋಡವಿಲ್ಲದ ಆಕಾಶದ ನಿರ್ಮಲತೆ. ಇವೆರಡೂ ಹವೆಯ ಗುಣಗಳು. ಬಂದರೆ ಬಂದುವು, ಹೋದರೆ ಹೋದುವು. ಸೊಸಿಯೇಗೊ ಹಾಗಲ್ಲ. ಕುಳಿತುಕೊಳ್ಳುವುದು ಮನುಷ್ಯನೇ ಮಾಡಬೇಕಾದ ಕ್ರಿಯೆ. ನೆಮ್ಮದಿಯು ತಾನಾಗಿ ಬೀಸುವ ಗಾಳಿಯಲ್ಲ, ನಾವು ನೆಲೆಯಾಗಿ ಕೂರಲು ಕಲಿಯಬೇಕಾದ ಆಸನವೆಂಬ ಬೋಧೆಯು ಆ ಶಬ್ದದ ಹುಟ್ಟಿನಲ್ಲಿಯೇ ಇರುವುದು.

೨. ಎರಡು ಪ್ರಯಾಣಗಳು

ಮನುಷ್ಯರು ಪರದೇಶಕ್ಕೆ ಹೋದಾಗ ಅವರನ್ನು ಅಲ್ಲಿಯವರು ತಪ್ಪಾಗಿ ತಿಳಿಯುವಂತೆ ಶಬ್ದಗಳನ್ನೂ ತಿಳಿಯುವುದುಂಟು. ಹದಿನಾರನೆಯ ಮತ್ತು ಹದಿನೇಳನೆಯ ಶತಮಾನಗಳಲ್ಲಿ ನೇಪಲ್ಸ್, ಮಿಲಾನ್ ಮುಂತಾದ ಇಟಲಿಯ ಪ್ರಾಂತಗಳು ಸ್ಪೇನಿನ ಆಳಿಕೆಗೆ ಒಳಪಟ್ಟಿದ್ದುವು. ಅಲ್ಲಿಗೆ ಬಂದ ಸ್ಪೇನಿನ ಸರದಾರರ ಗಂಭೀರವಾದ ನಡೆಯನ್ನೂ ಮಿತವಾದ ಮಾತನ್ನೂ ಇಟಲಿಯವರು ಕಂಡರು. ಸೊಸಿಯೇಗೊ ಎಂಬ ಶಬ್ದವು ಅವರ ಬಾಯಲ್ಲಿ ‘ಸುಸ್ಸಿಯೇಗೊ’ ಎಂದಾಯಿತು. ಇಂದಿಗೂ ಇಟಾಲಿಯನ್ ಭಾಷೆಯಲ್ಲಿ ಅದರ ಅರ್ಥವು ಬಿಗುಮಾನ, ಗತ್ತು. ಆಳಿಸಿಕೊಂಡವರ ಕಣ್ಣಿಗೆ ಆಳುವವರ ನೆಮ್ಮದಿಯು ಅಹಂಕಾರವಾಗಿ ಕಂಡುದರಲ್ಲಿ ಆಶ್ಚರ್ಯವೇನು?

ಎರಡನೆಯ ಪ್ರಯಾಣವು ನಮ್ಮ ನೆರೆಗೇ ಬಂದಿತು. ಸ್ಪ್ಯಾನಿಷಿನ ಸೋದರಿಯಾದ ಪೋರ್ಚುಗೀಸ್ ಭಾಷೆಯಲ್ಲಿ ಇದೇ ಶಬ್ದವು ‘ಸೊಸ್ಸೇಗು’ ಎಂದೂ, ನೆಮ್ಮದಿಯಿಂದಿರುವವನು ‘ಸೊಸ್ಸೆಗಾದು’ ಎಂದೂ ಆಗಿರುವುದು. ಪೋರ್ಚುಗೀಸರು ೧೫೧೦ರಲ್ಲಿ ಗೋವೆಯನ್ನು ಹಿಡಿದು ೧೯೬೧ರ ವರೆಗೂ ಆಳಿದರು. ಆ ಕಾಲದಲ್ಲಿ ಈ ಶಬ್ದವು ಕೊಂಕಣಿಯನ್ನು ಸೇರಿ ‘ಸುಶೆಗಾದ್’ ಎಂದಾಯಿತು. ಗೋವೆಯಿಂದ ಬಂದು ನಮ್ಮ ಕರಾವಳಿಯಲ್ಲಿ ನೆಲೆಸಿದ ಪೂರ್ವಿಕರುಳ್ಳ ಕುಟುಂಬಗಳು ಅನೇಕವಿರುವುದರಿಂದ ಕೆಲವು ವಾಚಕರ ಕಿವಿಗೆ ಈ ಮಾತು ಬಿದ್ದಿರಲೂಬಹುದು. ಈಗ ಪ್ರವಾಸಿಗಳನ್ನು ಕರೆಯುವ ಪ್ರಕಟಣೆಗಳಲ್ಲಿ ಸುಶೆಗಾದ್ ಎಂದರೆ ಏನೂ ಮಾಡದೆ ಕಾಲು ಚಾಚಿಕೊಂಡಿರುವುದೆಂಬ ಅರ್ಥವನ್ನು ಹರಡಿರುವರು. ಗೋವೆಯವರಲ್ಲಿ ತಿಳಿದವರು ಇದನ್ನು ಒಪ್ಪುವುದಿಲ್ಲ. ನಸುಕಿನಲ್ಲೆದ್ದು ಬಲೆ ಎಳೆದವನೂ, ಗದ್ದೆಯಲ್ಲಿ ಬಾಗಿ ದುಡಿದವಳೂ ಸಾಯಂಕಾಲ ಬಾಗಿಲ ಮುಂದಿನ ಜಗಲಿಯಲ್ಲಿ ತೃಪ್ತಿಯಿಂದ ಕೂರುವುದೇ ಸುಶೆಗಾದ್. ಅದನ್ನು ಸೋಮಾರಿತನವೆನ್ನುವುದು ಹೊರಗಿನವರ ಮಾತೆಂದು ಅವರು ಹೇಳುವರು.

ಹೀಗೆ ಒಂದೇ ಶಬ್ದವು ಒಂದು ದೇಶದಲ್ಲಿ ಅಹಂಕಾರವೆಂದೂ ಇನ್ನೊಂದು ಕಡೆಯಲ್ಲಿ ಆಲಸ್ಯವೆಂದೂ ತಪ್ಪರ್ಥವನ್ನು ಹೊಂದಿತು. ಶಾಂತವಾಗಿರುವ ಹೆಂಗಸನ್ನು ಕಂಡು ‘ಎಷ್ಟು ಜಂಬ’ ಎಂದೋ ‘ಎಷ್ಟು ನಿಧಾನ’ ಎಂದೋ ಆಡಿಕೊಳ್ಳುವವರು ನಮ್ಮಲ್ಲಿಯೂ ಇಲ್ಲವೇ?

೩. ಆಜ್ಞೆಯೂ ಲಕ್ಷಣವೂ

ಇನ್ನು ಶಬ್ದದ ತವರಿಗೆ ಹಿಂದಿರುಗೋಣ. ೧೫೫೬ರಿಂದ ೧೫೯೮ರ ವರೆಗೆ ಸ್ಪೇನನ್ನು ಆಳಿದ ಎರಡನೆಯ ಫಿಲಿಪ್ ರಾಜನ ಮುಂದೆ ಬಿನ್ನಹಕ್ಕೆ ಬಂದವರು ನಡುಗುತ್ತಿದ್ದರೆ ಅವನು ಮೆಲ್ಲಗೆ ‘ಸೊಸೆಗಾವೋಸ್’, ಎಂದರೆ ‘ನೆಮ್ಮದಿ ತಂದುಕೊಳ್ಳಿರಿ’ ಎಂದು ಹೇಳುತ್ತಿದ್ದನೆಂಬುದು ಪ್ರಸಿದ್ಧವಾಗಿದೆ. ರಾಜನು ಒಳ್ಳೆಯ ಮನಸ್ಸಿನಿಂದಲೇ ಹಾಗೆ ಹೇಳಿರಬಹುದು. ಆದರೆ ಭಯಕ್ಕೆ ಕಾರಣನಾದವನೇ ‘ಹೆದರಬೇಡ’ ಎಂದು ಅಪ್ಪಣೆಮಾಡಿದರೆ ಹೆದರಿಕೆಯು ಹೋಗುವುದೇ? ಅಪ್ಪಣೆಯಿಂದ ಮೌನವು ಬರುವುದು, ನೆಮ್ಮದಿಯು ಬಾರದು. ಅಳುವ ಮಗುವನ್ನು ‘ಬಾಯಿ ಮುಚ್ಚು’ ಎಂದು ಗದರಿಸಿದ ಮೇಲೆ ಅದು ಬಿಕ್ಕುತ್ತ ಸುಮ್ಮನಾಗುವುದನ್ನು ಎಲ್ಲ ತಾಯಂದಿರೂ ಕಂಡಿರುವರು.

ಹಾಗಾದರೆ ಸೊಸಿಯೇಗೊದ ಲಕ್ಷಣವೇನು? ಇದನ್ನು ಅತ್ಯಂತ ಸ್ಪಷ್ಟವಾಗಿ ವಿಚಾರಮಾಡಿದವನು ಅದೇ ರಾಜನ ಕಾಲದಲ್ಲಿ ಸಾಲಮಾಂಕಾ ವಿಶ್ವವಿದ್ಯಾನಿಲಯದ ಅಧ್ಯಾಪಕನಾಗಿದ್ದ ಲೂಯಿಸ್ ದೆ ಲೆಯೋನ್ ಎಂಬ ಸನ್ಯಾಸಿ. ಕ್ರಿಸ್ತನಿಗೆ ಶಾಸ್ತ್ರದಲ್ಲಿ ಕೊಟ್ಟಿರುವ ಹೆಸರುಗಳನ್ನು ಕುರಿತು ಆತನು ಬರೆದ ಗ್ರಂಥವು ೧೫೮೩ರಲ್ಲಿ ಅಚ್ಚಾಯಿತು. ಸಾಲಮಾಂಕಾದ ಬಳಿ ಹೊಳೆಯ ದಡದ ತೋಟವೊಂದರಲ್ಲಿ ಮೂವರು ಸ್ನೇಹಿತರು ಮಾತಾಡುವಂತೆ ಅದನ್ನು ರಚಿಸಿರುವನು. ‘ಸಮಾಧಾನದ ಪ್ರಭು’ ಎಂಬ ಹೆಸರಿನ ವಿಚಾರ ಬಂದಾಗ ಅವರ ಮೇಲೆ ನಕ್ಷತ್ರಗಳು ತುಂಬಿದ ಆಕಾಶವಿದೆ. ಅದನ್ನು ತೋರಿಸಿ ಅವರಲ್ಲೊಬ್ಬನು ಸಮಾಧಾನಕ್ಕೆ ಎರಡು ಅಂಗಗಳನ್ನು ಹೇಳುವನು: ಒಂದು ಕ್ರಮ, ಇನ್ನೊಂದು ಸೊಸಿಯೇಗೊ. ಸಮಾಧಾನವೆಂದರೆ ಕ್ರಮದಿಂದುಂಟಾಗುವ ಶಾಂತತೆಯೆಂದು ಬಹು ಹಿಂದೆಯೇ ಸಂತ ಅಗಸ್ಟೀನನು ಬರೆದಿದ್ದನು. ಲೂಯಿಸನು ಅದನ್ನೇ ಬಿಡಿಸಿ ವಿವರಿಸಿದನು. ಪ್ರತಿಯೊಂದೂ ತನ್ನ ತನ್ನ ಸ್ಥಾನದಲ್ಲಿದ್ದರೂ ಒಳಗೊಳಗೇ ಕುದಿಯುತ್ತಿದ್ದರೆ ಅದು ಸಮಾಧಾನವಲ್ಲ. ಎಲ್ಲವೂ ನಿಶ್ಶಬ್ದವಾಗಿದ್ದರೂ ಕ್ರಮವು ಕೆಟ್ಟಿದ್ದರೆ ಅದೂ ಸಮಾಧಾನವಲ್ಲ. ಎರಡೂ ಕೂಡಿರಬೇಕು.

ಈ ಲಕ್ಷಣವನ್ನು ಒಂದು ಮನೆಗೆ ಅನ್ವಯಿಸಿ ನೋಡಬಹುದು. ಪಾತ್ರೆಗಳು ಸಾಲಾಗಿ ಹೊಳೆಯುತ್ತಿವೆ, ಮಕ್ಕಳು ಹೊತ್ತಿಗೆ ಸರಿಯಾಗಿ ಉಣ್ಣುವರು, ಆದರೆ ಒಬ್ಬರ ಮುಖವನ್ನೊಬ್ಬರು ನೋಡರು. ಇಲ್ಲಿ ಕ್ರಮವುಂಟು, ಸೊಸಿಯೇಗೊ ಇಲ್ಲ. ಇನ್ನೊಂದು ಮನೆಯಲ್ಲಿ ಗದ್ದಲವೇ ಕೇಳಿಸದು. ಏಕೆಂದರೆ ಬಲವುಳ್ಳ ಒಬ್ಬನ ಭಯಕ್ಕೆ ಉಳಿದವರೆಲ್ಲರೂ ಉಸಿರು ಬಿಗಿಹಿಡಿದಿರುವರು. ಇಲ್ಲಿ ನಿಶ್ಶಬ್ದವುಂಟು, ನ್ಯಾಯವಾದ ಕ್ರಮವಿಲ್ಲ. ಇದನ್ನು ನೆಮ್ಮದಿಯೆಂದು ಕರೆದರೆ ವಿಷಾದವನ್ನೇ ಪ್ರಸಾದವೆಂದು ಕರೆದಂತಾಗುವುದು.

೪. ಸೆರೆಯಲ್ಲಿ ಕಂಡ ನೆಮ್ಮದಿ

ಲೂಯಿಸನು ಈ ಗ್ರಂಥವನ್ನು ತೋಟದಲ್ಲಿ ಕುಳಿತು ಆರಂಭಿಸಲಿಲ್ಲ, ಸೆರೆಮನೆಯಲ್ಲಿ ಆರಂಭಿಸಿದನು. ಪರಮಗೀತೆಯನ್ನು ಜನರ ಭಾಷೆಗೆ ತಂದನೆಂದೂ, ಶಾಸ್ತ್ರದ ಲ್ಯಾಟಿನ್ ಪಾಠಕ್ಕಿಂತ ಹೀಬ್ರೂ ಮೂಲವನ್ನು ಹೆಚ್ಚಾಗಿ ನೆಚ್ಚಿದನೆಂದೂ ಆರೋಪ ಹೊರಿಸಿ ಇನ್‌ಕ್ವಿಸಿಷನ್ ಎಂಬ ಮತವಿಚಾರಣಾ ನ್ಯಾಯಸ್ಥಾನದವರು ೧೫೭೨ರ ಮಾರ್ಚ್ ತಿಂಗಳಿನಲ್ಲಿ ಅವನನ್ನು ಹಿಡಿದು ವಾಯದೊಲಿದ್ ಪಟ್ಟಣದಲ್ಲಿ ಸೆರೆಯಿಟ್ಟರು. ನಾಲ್ಕು ವರ್ಷ ಎಂಟು ತಿಂಗಳಿಗೂ ಮೀರಿದ ಮೇಲೆ, ೧೫೭೬ರ ಡಿಸೆಂಬರಿನಲ್ಲಿ ಅವನಿಗೆ ಬಿಡುಗಡೆಯಾಯಿತು. ಮರಳಿ ಪಾಠಕ್ಕೆ ನಿಂತಾಗ ಅವನು ನಿನ್ನೆ ನಿಲ್ಲಿಸಿದ ಪಾಠವನ್ನೇ ಮುಂದುವರಿಸುವವನಂತೆ ಮಾತು ಆರಂಭಿಸಿದನೆಂದು ಐತಿಹ್ಯವಿದೆ. ಆ ಕಥೆಯನ್ನು ಸಾಲಮಾಂಕಾದವರು ಇಂದಿಗೂ ಹೆಮ್ಮೆಯಿಂದ ಹೇಳುವರು.

ಶಿಲುಬೆಯ ಯೋಹಾನನ ಚರಿತ್ರೆಯು ಇದಕ್ಕಿಂತಲೂ ಕಠಿಣವಾದುದು. ಕಾರ್ಮೆಲ್ ಸಭೆಯ ಮಠಗಳನ್ನು ಸುಧಾರಿಸುವ ಕಾರ್ಯದಲ್ಲಿ ಸೇರಿದ ತಪ್ಪಿಗಾಗಿ ಅವನನ್ನು ಅವನ ಸಭೆಯವರೇ ೧೫೭೭ರ ಡಿಸೆಂಬರಿನಲ್ಲಿ ಹಿಡಿದು ತೊಲೇದೊ ಪಟ್ಟಣದ ಮಠದಲ್ಲಿ ಬಂಧಿಸಿದರು. ಒಬ್ಬನು ಮಲಗಿದರೆ ತುಂಬುವಷ್ಟು ಚಿಕ್ಕ ಕೋಣೆ. ಎತ್ತರದಲ್ಲೊಂದು ಸಣ್ಣ ಬೆಳಕಿಂಡಿ. ಚಾವಟಿಯ ಪೆಟ್ಟುಗಳನ್ನೂ ಅವನು ತಿಂದನು. ಸುಮಾರು ಒಂಬತ್ತು ತಿಂಗಳ ತರುವಾಯ, ೧೫೭೮ರ ಆಗಸ್ಟಿನ ಒಂದು ರಾತ್ರಿ, ಹೊದಿಕೆಗಳನ್ನು ಸೀಳಿ ಹಗ್ಗಮಾಡಿ ಕಿಟಕಿಯಿಂದ ಇಳಿದು ತಪ್ಪಿಸಿಕೊಂಡನು. ಅವನ ‘ಆತ್ಮಿಕ ಗೀತೆ’ ಎಂಬ ಕಾವ್ಯದ ಮೊದಲ ಮೂವತ್ತೊಂದು ಪದ್ಯಗಳು ಆ ಕೋಣೆಯಲ್ಲಿ ಹುಟ್ಟಿದುವು. ಅವುಗಳಲ್ಲಿ ರಾತ್ರಿಯನ್ನು ವರ್ಣಿಸುವಾಗ ಅವನು ಆರಿಸಿದ ವಿಶೇಷಣವು ‘ಸೊಸೆಗಾದಾ’ ಎಂಬುದು, ಎಂದರೆ ಸೊಸಿಯೇಗೊ ಹೊಂದಿದ ರಾತ್ರಿ. ಹೊರಗಿನ ಆಕಾಶವನ್ನು ಕಾಣಲಾರದವನು ಈ ಶಬ್ದವನ್ನು ಬರೆದನೆಂಬುದನ್ನು ನೆನೆದರೆ ಅದರ ತೂಕವು ತಿಳಿಯುವುದು.

ಸೆರ್ವಾಂಟಿಸನು ೧೬೦೫ರಲ್ಲಿ ಪ್ರಕಟಿಸಿದ ‘ಡಾನ್ ಕ್ವಿಕ್ಸೋಟ್’ ಎಂಬ ಗ್ರಂಥದ ಮುನ್ನುಡಿಯಲ್ಲಿ ಒಳ್ಳೆಯ ಪುಸ್ತಕವು ಹುಟ್ಟುವುದಕ್ಕೆ ಸಹಾಯಕವಾದ ಸಂಗತಿಗಳನ್ನು ಎಣಿಸುತ್ತ ಸೊಸಿಯೇಗೊವನ್ನೇ ಮೊದಲು ಹೆಸರಿಸಿರುವನು. ತನ್ನ ಪುಸ್ತಕವಾದರೋ ಸೆರೆಮನೆಯಲ್ಲಿ ಹುಟ್ಟಿತೆಂದು ಅಲ್ಲಿಯೇ ನಗೆಮಾತಿನಂತೆ ಹೇಳಿಕೊಂಡಿರುವನು. ಅನುಕೂಲಗಳಾವುವೂ ಇಲ್ಲದ ಕಡೆ ಹುಟ್ಟಿದ ಆ ಪುಸ್ತಕವನ್ನು ಲೋಕವು ನಾಲ್ಕು ಶತಮಾನಗಳಿಂದ ಓದುತ್ತಿರುವುದು.

೫. ಚಂಚಲೆ ಎನ್ನಿಸಿಕೊಂಡವಳು

ಯೋಹಾನನನ್ನು ಸುಧಾರಣೆಯ ಕಾರ್ಯಕ್ಕೆ ಕರೆದವಳು ಒಬ್ಬ ಸ್ತ್ರೀ: ಅವಿಲಾದ ತೆರೇಸಾ. ಸಮುದ್ರಮಟ್ಟಕ್ಕಿಂತ ಸಾವಿರದ ನೂರು ಮೀಟರಿಗೂ ಎತ್ತರದಲ್ಲಿರುವ, ಕಲ್ಲಿನ ಕೋಟೆಯಿಂದ ಸುತ್ತುವರಿದ ಅವಿಲಾದಲ್ಲಿ ಈಕೆಯು ೧೫೧೫ರಲ್ಲಿ ಹುಟ್ಟಿದಳು. ೧೫೬೨ರಲ್ಲಿ ಅಲ್ಲಿಯೇ ತನ್ನ ಮೊದಲನೆಯ ಚಿಕ್ಕ ಮಠವನ್ನು ಸ್ಥಾಪಿಸಿದಳು. ಆಕೆಯ ಜೀವಿತಕಾಲದಲ್ಲಿ ಇಂಥ ಕನ್ಯಾಮಠಗಳು ಹದಿನೇಳು ಆದುವು. ಇದಕ್ಕಾಗಿ ದೇಹಾರೋಗ್ಯವಿಲ್ಲದಿದ್ದರೂ ಮೇಲ್ಮುಚ್ಚಿಗೆಯ ಗಾಡಿಗಳಲ್ಲಿ ಬಿಸಿಲೆನ್ನದೆ ಹಿಮವೆನ್ನದೆ ತಿರುಗಿದಳು. ಮನೆ ಕೊಂಡಳು, ಸಾಲ ತೀರಿಸಿದಳು, ವ್ಯಾಜ್ಯಗಳನ್ನು ಎದುರಿಸಿದಳು, ಅಸಂಖ್ಯಾತ ಪತ್ರಗಳನ್ನು ಬರೆದಳು. ಬಿಡುವೆಂಬುದು ಆಕೆಗೆ ಇರಲೇ ಇಲ್ಲ. ಪೋಪರ ಪ್ರತಿನಿಧಿಯಾಗಿ ಬಂದಿದ್ದ ಸೇಗ ಎಂಬವನು ಈಕೆಯನ್ನು ಚಂಚಲೆ, ಊರೂರು ಅಲೆಯುವವಳು, ಹೇಳಿದ ಮಾತು ಕೇಳದವಳು ಎಂದು ನಿಂದಿಸಿದುದು ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ನೆಮ್ಮದಿಯ ವಿಷಯವನ್ನು ಸ್ಪೇನಿನಲ್ಲಿ ಯಾರಿಗಿಂತಲೂ ಆಳವಾಗಿ ಬರೆದ ಸ್ತ್ರೀಗೇ ನೆಮ್ಮದಿಯಿಲ್ಲದವಳೆಂಬ ಹೆಸರು ಬಂದಿತು!

ಆಕೆಯ ‘ಒಳಗಣ ಕೋಟೆ’ ಎಂಬ ಗ್ರಂಥವು ೧೫೭೭ರ ಜೂನಿನಿಂದ ನವೆಂಬರಿನೊಳಗೆ, ವಿರೋಧಿಗಳ ಕಾಟವು ಹೆಚ್ಚಿದ್ದ ಕಾಲದಲ್ಲಿ ರಚಿತವಾಯಿತು. ಆತ್ಮವನ್ನು ಏಳು ನಿವಾಸಗಳುಳ್ಳ ಕೋಟೆಗೆ ಹೋಲಿಸಿ, ಹೊರ ಅಂಗಳದಿಂದ ನಡುಮನೆಯವರೆಗೆ ಓದುಗರನ್ನು ಕರೆದೊಯ್ಯುವಳು. ನಾಲ್ಕನೆಯ ನಿವಾಸದ ವಿಚಾರವನ್ನು ಬರೆಯುವಾಗ ಆಕೆಯ ತಲೆಯೊಳಗೆ ತುಂಬಿದ ಹೊಳೆಗಳು ಭೋರ್ಗರೆದಂತೆಯೂ ಹಕ್ಕಿಗಳು ಸಿಳ್ಳಿಟ್ಟಂತೆಯೂ ಸದ್ದು ಕೇಳಿಸುತ್ತಿತ್ತು. ಇದನ್ನು ಆಕೆ ಮುಚ್ಚಿಡದೆ ಬರೆದಿರುವಳು. ಇಷ್ಟು ಗದ್ದಲವಿದ್ದರೂ ಅದು ತನ್ನ ಪ್ರಾರ್ಥನೆಯನ್ನು ಕೆಡಿಸಲಿಲ್ಲವೆಂದೂ ತಿಳಿಸಿರುವಳು. ಅಲ್ಲಿಯೇ ಒಂದು ಮನೆಬಳಕೆಯ ಹೋಲಿಕೆಯನ್ನು ಕೊಡುವಳು. ಹಿಟ್ಟಿನ ಗಿರಣಿಯಲ್ಲಿ ಮರದ ತುಂಡೊಂದು ಸದಾ ಟಕಟಕನೆ ಬಡಿಯುತ್ತಲೇ ಇರುವುದಂತೆ. ಮನಸ್ಸಿನಲ್ಲಿ ಓಡಾಡುವ ಯೋಚನೆಗಳು ಆ ಸದ್ದಿನಂತೆ. ಅದನ್ನು ನಿಲ್ಲಿಸಹೋಗಿ ಬೀಸುವ ಕೆಲಸವನ್ನು ಬಿಡಬಾರದೆಂಬುದು ಆಕೆಯ ಬೋಧೆ. ರಾಗಿಕಲ್ಲಿನ ಮುಂದೆ ಕುಳಿತು ಬೆಳೆದ ನಮ್ಮ ಅಜ್ಜಿಯರಿಗೆ ಈ ಹೋಲಿಕೆಯನ್ನು ವಿವರಿಸಬೇಕಾಗಿರಲಿಲ್ಲ. ಅಡಿಗೆಮನೆಯ ಪಾತ್ರೆಗಳ ನಡುವೆಯೂ ದೇವರು ಇರುವನೆಂದು ತನ್ನ ಮಠದ ಸಹೋದರಿಯರಿಗೆ ಬರೆದವಳೂ ಈಕೆಯೇ. ಅವರು ಪ್ರಾರ್ಥನೆಯ ಹೊತ್ತನ್ನು ಕಳೆದುಕೊಂಡೆವೆಂದು ಕೆಲಸದ ನಡುವೆ ಕೊರಗಬಾರದೆಂಬುದು ಆಕೆಯ ಅಭಿಪ್ರಾಯವಾಗಿತ್ತು.

ತೆರೇಸಾ ೧೫೮೨ರ ಅಕ್ಟೋಬರ್ ೪ರಂದು ತೀರಿಕೊಂಡಳು. ಅದೇ ರಾತ್ರಿ ಸ್ಪೇನಿನಲ್ಲಿ ಹೊಸ ಪಂಚಾಂಗವು ಜಾರಿಗೆ ಬಂದುದರಿಂದ ಮರುದಿನವು ಅಕ್ಟೋಬರ್ ೧೫ ಆಯಿತು. ೧೬೨೨ರಲ್ಲಿ ಆಕೆಯನ್ನು ಸಂತಳೆಂದು ಸಾರಿದರು. ಚಂಚಲೆಯೆಂದು ಬೈಸಿಕೊಂಡವಳಿಗೆ ೧೯೭೦ರಲ್ಲಿ ರೋಮನ್ ಕಥೋಲಿಕ ಸಭೆಯು ತನ್ನ ಆಚಾರ್ಯರ ಪದವಿಯನ್ನು ಕೊಟ್ಟಿತು. ಸ್ತ್ರೀಯರಲ್ಲಿ ಆ ಪದವಿಯನ್ನು ಮೊಟ್ಟಮೊದಲು ಪಡೆದವಳು ಈಕೆಯೇ.

೬. ನಾವು ಕಲಿಯತಕ್ಕದ್ದು

ಇಷ್ಟರಿಂದ ಮೊದಲು ಎತ್ತಿದ ಪ್ರಶ್ನೆಗೆ ಉತ್ತರವು ಸಿದ್ಧಿಸಿತೆಂದು ನಂಬುವೆವು. ಬಿಡುವಿದ್ದವರಿಗೇ ನೆಮ್ಮದಿಯೆಂಬುದು ನಿಜವಾಗಿದ್ದರೆ ಗಾಡಿಯಲ್ಲಿ ಅಲೆದ ತೆರೇಸಳಿಗೆ ಅದು ದೊರೆಯುತ್ತಿರಲಿಲ್ಲ. ಅನುಕೂಲವಿದ್ದವರಿಗೇ ನೆಮ್ಮದಿಯೆಂಬುದು ನಿಜವಾಗಿದ್ದರೆ ತೊಲೇದೊವಿನ ಕೋಣೆಯಲ್ಲಿ ಆ ಪದ್ಯಗಳು ಹುಟ್ಟುತ್ತಿರಲಿಲ್ಲ. ಬಿಡುವು ಬೇಡವೆಂದು ಇದರ ಅರ್ಥವಲ್ಲ. ದುಡಿದ ದೇಹಕ್ಕೆ ವಿಶ್ರಾಂತಿಯು ಬೇಕೇ ಬೇಕು. ಅದನ್ನು ಮನೆಯ ಹೆಂಗಸರಿಗೆ ಕೊಡುವುದು ಮನೆಯವರೆಲ್ಲರ ಧರ್ಮವೂ ಆಗಿದೆ. ಆದರೆ ಬಿಡುವು ಬಂದ ಮೇಲೆ ನೆಮ್ಮದಿಯಾದೀತೆಂದು ಕಾಯುವವಳು ಎರಡನ್ನೂ ಕಳೆದುಕೊಂಡಾಳು.

ಎರಡನೆಯದಾಗಿ, ಈ ಶಬ್ದವನ್ನು ಹೆಣ್ಣುಮಕ್ಕಳ ಬಾಯಿ ಕಟ್ಟುವುದಕ್ಕೆ ಉಪಯೋಗಿಸಬಾರದು. ‘ಸಮಾಧಾನದಿಂದಿರು’ ಎಂಬ ಬುದ್ಧಿವಾದವನ್ನು ನಮ್ಮ ಮಕ್ಕಳಿಗೆ ನಾವು ದಿನವೂ ಹೇಳುವೆವು. ಹಾಗೆ ಹೇಳುವ ಮೊದಲು ಲೂಯಿಸನ ಎರಡು ಅಂಗಗಳನ್ನು ನೆನೆಯುವುದು ಒಳ್ಳೆಯದು. ಮಗಳ ಮನಸ್ಸು ಕದಡಿರುವುದೋ, ಇಲ್ಲವೆ ಅವಳ ಸುತ್ತಲಿನ ಕ್ರಮವೇ ಕೆಟ್ಟಿರುವುದೋ? ಮೊದಲನೆಯದಾದರೆ ಅವಳಿಗೆ ಸೈರಣೆಯನ್ನು ಕಲಿಸಬೇಕು. ಎರಡನೆಯದಾದರೆ ಕ್ರಮವನ್ನು ಸರಿಪಡಿಸಬೇಕು. ಸೊಸಿಯೇಗೊ ಹೊಂದಿದ ತೆರೇಸಾ ಸುಮ್ಮನಿರಲಿಲ್ಲ. ಯೋಹಾನನೂ ಸೆರೆಯಲ್ಲಿಯೇ ಉಳಿಯದೆ ಹಗ್ಗ ಕಟ್ಟಿ ಇಳಿದನು. ಅನ್ಯಾಯವನ್ನು ಬಿಟ್ಟು ಹೊರಡುವವರಿಗೂ ಅದನ್ನು ಎದುರಿಸುವವರಿಗೂ ತಿಳಿಯಾದ ಮನಸ್ಸೇ ಮುಖ್ಯವಾದ ಆಯುಧವು. ಕೈಗಳು ನಡುಗುತ್ತಿದ್ದರೆ ಗಂಟು ನಿಲ್ಲುವುದಿಲ್ಲ.

ಮೂರನೆಯದಾಗಿ, ನೆಮ್ಮದಿಯು ಅಭ್ಯಾಸದಿಂದ ಬರತಕ್ಕದ್ದು. ಬಿಂದಿಗೆಯ ನೀರನ್ನು ಯಾರೂ ಕೈಯಾಡಿಸಿ ತಿಳಿಮಾಡಲಾರರು. ಅಲುಗಿಸದೆ ಇಡುವುದೊಂದೇ ಉಪಾಯ. ದಿವಸದಲ್ಲಿ ಸ್ವಲ್ಪ ಹೊತ್ತಾದರೂ, ದೀಪ ಹಚ್ಚುವ ಮುನ್ನವೋ ಮಕ್ಕಳು ಮಲಗಿದ ತರುವಾಯವೋ, ಮನಸ್ಸನ್ನು ಅಲುಗಿಸದೆ ಕೂರಿಸುವ ವಾಡಿಕೆಯನ್ನು ಬೆಳೆಸಿಕೊಳ್ಳಬೇಕು. ಯೋಚನೆಗಳು ಬಡಿಯುತ್ತಲೇ ಇದ್ದಾವು, ಬಡಿಯಲಿ. ಪೋರ್ಚುಗೀಸ್ ಲೇಖಕನಾದ ಫೆರ್ನಾಂದು ಪೆಸ್ಸೋವನು ಈ ಶಬ್ದದ ವಿರುದ್ಧಾರ್ಥಕವನ್ನೇ, ಎಂದರೆ ನೆಮ್ಮದಿಗೇಡನ್ನೇ, ತಲೆಬರಹವಾಗಿಟ್ಟು ಒಂದು ದೊಡ್ಡ ಗ್ರಂಥವನ್ನು ಬಿಡಿಹಾಳೆಗಳಲ್ಲಿ ಬರೆದಿಟ್ಟು ೧೯೩೫ರಲ್ಲಿ ಮೃತನಾದನು. ಅದು ೧೯೮೨ರಲ್ಲಿ ಮೊದಲು ಪುಸ್ತಕರೂಪವಾಗಿ ಹೊರಬಂದು ಅನೇಕ ಭಾಷೆಗಳಲ್ಲಿ ಓದುಗರನ್ನು ಪಡೆದಿರುವುದನ್ನು ನೋಡಿದರೆ, ಈ ಕಾಲದ ಜನರಿಗೆ ನೆಮ್ಮದಿಗೇಡಿನ ಪರಿಚಯವನ್ನು ಯಾರೂ ಮಾಡಿಕೊಡಬೇಕಾಗಿಲ್ಲವೆಂದು ತೋರುವುದು. ಅದರ ಪ್ರತಿಪದದ ಅರ್ಥವನ್ನು ಕಲಿಯುವುದೂ ಮಕ್ಕಳಿಗೆ ಕಲಿಸುವುದೂ ನಮಗೆ ಉಳಿದಿರುವ ಕೆಲಸವಾಗಿದೆ.